ಶಿರಾ ಗೇಟಿನಲ್ಲಿ ಗೇಟೆಲ್ಲಿ?

ತುಮಕೂರಿಗೆ ಹೊಸದಾಗಿ ಬಂದು ನೆಲೆಸಿದವರು, ಅದರಲ್ಲಿಯೂ ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗನಿಮಿತ್ತವಾಗಿಯೋ ಹೊರ ಜಿಲ್ಲೆಗಳಿಂದ ಬಂದವರು, ಈ ಅಂಕಣಕ್ಕೆ ಬರೆಯುವ ಕಾಗದಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಎಲ್ಲರೂ ಶಿರಾ ಗೇಟ್ ಎಂದು ಕರೆಯುವ ಸ್ಥಳದಲ್ಲಿ ಗೇಟ್ ಎಂಬುದು ಎಲ್ಲಿದೆ? ಅಂಗಡಿಗಳ ಸಾಲುಂಟು, ಆಟೋಗಳು ಉಂಟು, ಶಿರಾ ಕಡೆಗೆ ಹೊರಟ ಬಸ್ಸುಗಳು ಉಂಟು, ದಾಟುವುದಕ್ಕೆ ಧೈರ್ಯ ಬೇಕಾಗುವಷ್ಟು ವಾಹನಸಂಚಾರವೂ ಉಂಟು. ಆದರೆ ಕಂಬವಿಲ್ಲ, ಕದವಿಲ್ಲ, ಕಮಾನಿಲ್ಲ. ಊರಿನ ಇನ್ನೊಂದು ಪಾರ್ಶ್ವದಲ್ಲಿರುವ ಗುಬ್ಬಿ ಗೇಟಿನದೂ ಇದೇ ಕಥೆ. ಅದೇ ಹೊತ್ತಿನಲ್ಲಿ ಕ್ಯಾತ್ಸಂದ್ರದ ಬಳಿ ಹೆದ್ದಾರಿಗೆ ಅಡ್ಡಲಾಗಿ ನಿಜವಾದ ಅಡ್ಡಗೋಲು ಏಳುತ್ತ ಇಳಿಯುತ್ತ ಇದ್ದರೂ ಅದನ್ನು ಜನರು ಟೋಲ್ ಎನ್ನುತ್ತಾರೆಯೇ ಹೊರತು ಗೇಟ್ ಎನ್ನುವುದಿಲ್ಲ. ಗೇಟ್ ಇರುವಲ್ಲಿ ಆ ಹೆಸರಿಲ್ಲ, ಹೆಸರಿರುವಲ್ಲಿ ಗೇಟ್ ಇಲ್ಲ. ಈ ವೈಚಿತ್ರ್ಯಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ನಾವು ಇಂಗ್ಲಿಷ್ ಭಾಷೆಯ ಒಂದು ಪುರಾತನ ಶಬ್ದದ ಚರಿತ್ರೆಯೊಳಕ್ಕೆ ಪ್ರವೇಶಿಸಬೇಕಾಗುತ್ತದೆ. ಆ ಪ್ರವೇಶವು ವ್ಯರ್ಥವಲ್ಲವೆಂಬುದು ನನ್ನ ನಂಬಿಕೆ.

ಮೊದಲು ನಾಮಕರಣದ ಪದ್ಧತಿಯನ್ನು ನೋಡೋಣ. ನಮ್ಮ ದೇಶದ ಹಳೆಯ ಪಟ್ಟಣಗಳಲ್ಲಿ ಕೋಟೆಯ ಬಾಗಿಲಾಗಲಿ ಸುಂಕದ ಉಕ್ಕಡವಾಗಲಿ ತಾನಿರುವ ಸ್ಥಳದ ಹೆಸರನ್ನು ಧರಿಸದೆ, ತನ್ನ ಮೂಲಕ ಹೊರಟ ದಾರಿಯು ಎಲ್ಲಿಗೆ ಹೋಗಿ ಮುಟ್ಟುವುದೋ ಆ ಊರಿನ ಹೆಸರನ್ನು ಧರಿಸುವುದು ವಾಡಿಕೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಬೆಂಗಳೂರು ಬಾಗಿಲು, ಮೈಸೂರು ಬಾಗಿಲುಗಳಿವೆ; ಬೆಂಗಳೂರಿನ ಕೋಟೆಯಲ್ಲಿ ಇಂದಿಗೂ ಉಳಿದು ನಿಂತಿರುವುದು ದಿಲ್ಲಿ ಬಾಗಿಲು. ಬೆಂಗಳೂರಿನ ಪೇಟೆಗೆ ಹಲಸೂರು ಗೇಟ್, ಯಲಹಂಕ ಗೇಟ್ ಮೊದಲಾದುವು ಇದ್ದುವು; 1791ರ ಮಾರ್ಚ್ 7ರಂದು ಇಂಗ್ಲಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯವು ಪೇಟೆಯೊಳಕ್ಕೆ ನುಗ್ಗಿದುದು ಹಲಸೂರು ಗೇಟಿನ ಮಾರ್ಗವಾಗಿ. ಆ ಬಾಗಿಲು ಅಳಿದು ಹೋದರೂ ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆಯ ರೂಪದಲ್ಲಿ ಹೆಸರು ಇನ್ನೂ ಬಾಳುತ್ತಿದೆ, ಹಲಸೂರಾದರೋ ಅಲ್ಲಿಂದ ಮೈಲುಗಳಾಚೆ ಇದೆ. ಈ ಪದ್ಧತಿಯ ಅತ್ಯಂತ ಸುಂದರವಾದ ನಿದರ್ಶನವು ಉತ್ತರದೇಶದ್ದು: ದಿಲ್ಲಿಯಲ್ಲಿ ಲಾಹೋರಿ ದರ್ವಾಜಾ ಉಂಟು, ಲಾಹೋರಿನಲ್ಲಿ ದಿಲ್ಲಿ ದರ್ವಾಜಾ ಉಂಟು. ಎರಡು ಮಹಾನಗರಗಳು ಒಂದನ್ನೊಂದು ನೋಡುತ್ತ ನಿಂತಿದ್ದುವು ಎಂಬುದನ್ನು ಈ ಎರಡು ಹೆಸರುಗಳು ಎಷ್ಟು ಸ್ಪಷ್ಟವಾಗಿ ಹೇಳುತ್ತಿವೆಯೋ ಅಷ್ಟು ಸ್ಪಷ್ಟವಾಗಿ ಯಾವ ಭೂಪಟವೂ ಹೇಳಲಾರದು.

ಆದಕಾರಣ ಶಿರಾ ಗೇಟ್ ಎಂಬ ಹೆಸರು ತುಮಕೂರಿನ ಒಂದು ಕಟ್ಟಡವನ್ನು ಕುರಿತದ್ದಲ್ಲ; ಅದು ಶಿರಾ ಪಟ್ಟಣವನ್ನು ಕುರಿತದ್ದು. ಇಂದು ಶಿರಾ ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಮಾತ್ರ. ಆದರೆ 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನು ಈ ಪ್ರಾಂತವನ್ನು ವಶಪಡಿಸಿಕೊಂಡ ಮೇಲೆ ಅದು ಬಸವಾಪಟ್ಟಣ, ಬೂದಿಹಾಳು, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳನ್ನೂ ಒಳಗೊಂಡ ಏಳು ಪರಗಣಗಳ ಸುಬಾ ಒಂದರ ರಾಜಧಾನಿಯಾಗಿದ್ದಿತು. ಅಲ್ಲಿನ ಜುಮ್ಮಾ ಮಸೀದಿ 1696ರದು. ಅದಕ್ಕೂ ಹಿಂದಿನ ಮಲಿಕ್ ರಿಹಾನನ ಗೋರಿ 1651ರದು. ಹೈದರಾಲಿಯು 1761ರಲ್ಲಿ ನಿಜಾಮನ ಸಹೋದರನಾದ ಬಸಾಲತ್ ಜಂಗನಿಂದ ಪಡೆದ ಬಿರುದು ಶಿರಾದ ನವಾಬನೆಂಬುದೇ. ತುಮಕೂರಿನಿಂದ ವಾಯವ್ಯಕ್ಕೆ ಹೊರಟವನು ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಪುಣೆಯವರೆಗೂ ಹೋಗಬಹುದಾಗಿದ್ದರೂ ಊರಿನವರು ಆ ದಾರಿಯ ಬಾಯಿಗೆ ಪುಣೆಯ ಹೆಸರನ್ನು ಕೊಡದೆ ಶಿರಾದ ಹೆಸರನ್ನೇ ಕೊಟ್ಟಿದ್ದಾರೆ. ಹೆಸರನ್ನು ಕೊಟ್ಟವರು ಗಾಡಿ ಹೊಡೆದವರು, ಸಂತೆಗೆ ಹೋದವರು. ಅವರ ಪ್ರಪಂಚದಲ್ಲಿ ದಾರಿಯೆಂದರೆ ಮುಂದಿನ ಊರು.

ಗೇಟ್ ಎಂದರೆ ದಾರಿಯೆಂದು ನಾನು ಸೂಚಿಸುತ್ತಿರುವುದು ಕೆಲವರಿಗೆ ಬಲವಂತದ ವ್ಯಾಖ್ಯಾನವೆಂದು ತೋರಬಹುದು. ಆದರೆ ಇಂಗ್ಲಿಷ್ ಶಬ್ದದ ಚರಿತ್ರೆ ನನ್ನ ಪಕ್ಷದಲ್ಲಿದೆ. ಇಂದು ನಾವು ಒಂದೇ ಎಂದು ಭಾವಿಸುವ ಈ ಶಬ್ದದಲ್ಲಿ ಎರಡು ಬೇರೆ ಬೇರೆ ಶಬ್ದಗಳು ಬಂದು ಕೂಡಿಕೊಂಡಿವೆ. ಮೊದಲನೆಯದು ಹಳೆಯ ಇಂಗ್ಲಿಷಿನದು. ಅದರ ಮೂಲಾರ್ಥ ಸಂದು, ತೆರಪು, ಗೋಡೆಯಲ್ಲಿ ಬಿಟ್ಟ ಜಾಗ. ಅದರ ಬಂಧುವಾದ ಗಾಟ್ ಎಂಬ ಡಚ್ ಶಬ್ದಕ್ಕೆ ಇಂದಿಗೂ ತೂತು ಎಂದೇ ಅರ್ಥ. ಈ ಶಬ್ದದ ಏಕವಚನವನ್ನು ಹಿಂದಿನ ಇಂಗ್ಲಿಷರು ಗಕಾರದಿಂದ ಉಚ್ಚರಿಸದೆ ಯಕಾರದಿಂದ ಉಚ್ಚರಿಸುತ್ತಿದ್ದರು. ಬಹುವಚನದಲ್ಲಿ ಮಾತ್ರ ಗಕಾರವಿದ್ದಿತು. ಕಾಲಕ್ರಮದಲ್ಲಿ ಬಹುವಚನದ ಗಕಾರವೇ ಗೆದ್ದು ಗೇಟ್ ಆಯಿತು. ಸೋತ ಯಕಾರವು ಸ್ಕಾಟ್ಲೆಂಡಿನ ಯೆಟ್ ಎಂಬ ರೂಪದಲ್ಲಿಯೂ ಯೇಟ್ಸ್ ಎಂಬ ವಂಶನಾಮದಲ್ಲಿಯೂ ತಲೆಮರೆಸಿಕೊಂಡು ಉಳಿದಿದೆ. ನಮ್ಮ ಕವಿಗಳು ಬಹುವಾಗಿ ಮೆಚ್ಚಿಕೊಂಡ ಆ ಐರಿಷ್ ಕವಿಯ ಹೆಸರಿನಲ್ಲಿ ಒಂದು ಗೇಟ್ ಅಡಗಿದೆಯೆಂದು ತಿಳಿದಂದು ನನಗಾದ ಸಂತೋಷವು ಸಾಮಾನ್ಯವಾದುದಲ್ಲ.

ಎರಡನೆಯ ಶಬ್ದವು ಸಮುದ್ರವನ್ನು ದಾಟಿ ಬಂದುದು. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಉತ್ತರದ ನಾರ್ಸ್ ಜನರು ಇಂಗ್ಲೆಂಡಿನ ಉತ್ತರಭಾಗದಲ್ಲಿ ಬಂದು ನೆಲೆಸಿದಾಗ ತಮ್ಮೊಡನೆ ಗಾಟಾ ಎಂಬ ಶಬ್ದವನ್ನು ತಂದರು. ಅದಕ್ಕೆ ಬೀದಿ, ದಾರಿ ಎಂದು ಅರ್ಥ. ಸ್ವೀಡನ್ ದೇಶದಲ್ಲಿ ಇಂದಿಗೂ ಬೀದಿಯ ಹಲಗೆಗಳ ಮೇಲೆ ಕಾಣುವುದು ಇದೇ ಶಬ್ದ. ಜರ್ಮನರು ಓಣಿಗೆ ಗಾಸ್ಸೆ ಎನ್ನುವುದೂ ಇದರ ಬಳಗವೇ. ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಹೋದವರು ಅಲ್ಲಿ ಸ್ಟೋನ್‌ಗೇಟ್, ಕಾಪರ್‌ಗೇಟ್, ಮಿಕಲ್‌ಗೇಟ್ ಎಂಬ ಹೆಸರುಗಳನ್ನು ಕಂಡು ಬಾಗಿಲುಗಳನ್ನು ಹುಡುಕಿದರೆ ನಿರಾಶರಾಗುವರು, ಅವೆಲ್ಲ ಬೀದಿಗಳು. ಆ ಊರಿನ ಕೋಟೆಯ ನಿಜವಾದ ಬಾಗಿಲುಗಳಿಗೆ ಅಲ್ಲಿನವರು ಬಾರ್ ಎನ್ನುತ್ತಾರೆ. ಹೀಗಾಗಿ ಮಿಕಲ್‌ಗೇಟ್ ಎಂಬ ಬೀದಿಯ ತುದಿಯಲ್ಲಿ ಮಿಕಲ್‌ಗೇಟ್ ಬಾರ್ ಎಂಬ ಬಾಗಿಲು ನಿಂತಿದೆ. ಶಿರಾ ಗೇಟಿನಲ್ಲಿ ಗೇಟ್ ಇಲ್ಲ, ಕ್ಯಾತ್ಸಂದ್ರದ ಗೇಟಿಗೆ ಆ ಹೆಸರಿಲ್ಲ ಎಂದು ಚಿಂತಿಸುವ ನಮ್ಮ ವಾಚಕರಿಗೆ, ಯಾರ್ಕಿನ ಜನರು ಸಾವಿರ ವರ್ಷಗಳಿಂದ ಇದೇ ಸ್ಥಿತಿಯಲ್ಲಿ ನೆಮ್ಮದಿಯಾಗಿದ್ದಾರೆಂದು ತಿಳಿಸಬಯಸುತ್ತೇನೆ. ನಡಿಗೆಯ ರೀತಿ ಎಂಬ ಅರ್ಥದಲ್ಲಿ ಇಂಗ್ಲಿಷಿನವರು ಬಳಸುವ, ಕಿವಿಗೆ ಗೇಟ್ ಎಂದೇ ಕೇಳಿಸುವ ಆದರೆ ಬೇರೆ ಕಾಗುಣಿತವುಳ್ಳ ಶಬ್ದವೂ ಈ ದಾರಿಯ ಗೇಟಿನ ಕವಲೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಡಿಗೆ, ದಾರಿ ಎಂಬ ಅರ್ಥಗಳನ್ನು ಕೇಳಿದೊಡನೆಯೇ ಸಂಸ್ಕೃತವನ್ನು ಬಲ್ಲವರಿಗೆ ಗತಿ ಎಂಬ ಶಬ್ದವು ನೆನಪಿಗೆ ಬರುತ್ತದೆ. ಗತಿಯೇ ಗೇಟ್ ಆಯಿತೆಂದು ಹೇಳುವ ಆಸೆಯೂ ಹುಟ್ಟುತ್ತದೆ. ವಾಚಕರೊಬ್ಬರು ಹಾಗೆ ಸಾಧಿಸಿ ದೀರ್ಘವಾದ ಪತ್ರವನ್ನೇ ಬರೆದಿದ್ದಾರೆ. ಅವರ ಉತ್ಸಾಹವನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಗತಿ ಎಂಬುದು ಗಮ್ ಧಾತುವಿನಿಂದ ಬಂದುದು. ಆ ಧಾತುವಿನ ನಿಜವಾದ ಇಂಗ್ಲಿಷ್ ಬಂಧು, ಬಾ ಎಂಬ ಅರ್ಥದ ಕಮ್ ಎಂಬ ಕ್ರಿಯಾಪದ. ಧ್ವನಿಸಾಮ್ಯವು ಬಾಂಧವ್ಯಕ್ಕೆ ಸಾಕ್ಷಿಯಲ್ಲ. ಭಾಷೆಗಳ ವಂಶಾವಳಿಯಲ್ಲಿ ಹತ್ತಿರದ ನೆಂಟರು ಅನೇಕ ವೇಳೆ ಗುರುತು ಸಿಕ್ಕದಷ್ಟು ಬದಲಾಗಿರುತ್ತಾರೆ, ಮುಖ ಹೋಲುವವರು ಪರಕೀಯರಾಗಿರುತ್ತಾರೆ.

ಈಗ ಮೊದಲನೆಯ ಶಬ್ದಕ್ಕೆ, ಎಂದರೆ ತೆರಪಿನ ಗೇಟಿಗೆ, ಹಿಂದಿರುಗೋಣ. ಗೇಟ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಬ್ಬಿಣದ ಸರಳುಗಳುಳ್ಳ ಕದ. ಆದರೆ ಶಬ್ದದ ಹೃದಯದಲ್ಲಿರುವುದು ಕದವಲ್ಲ, ಕದವನ್ನು ಇರಿಸಿದ ತೆರಪು. ಇದು ಮನಸ್ಸಿಗೆ ಬಂದರೆ ಅನೇಕ ಪ್ರಯೋಗಗಳು ತಾವಾಗಿಯೇ ತಿಳಿಯಾಗುತ್ತವೆ. ಕ್ರಿಕೆಟ್ ಆಟದ ವಿವರಣೆಯನ್ನು ಕೇಳುವ ಹುಡುಗರು, ಚೆಂಡು ಗೇಟಿನ ಮೂಲಕ ಹೋಗಿ ಆಟಗಾರನು ಬೌಲ್ಡ್ ಆದನೆಂಬ ಮಾತಿಗೆ ಅರ್ಥವೇನೆಂದು ಕೇಳುತ್ತಾರೆ. ಬ್ಯಾಟಿಗೂ ಪ್ಯಾಡಿಗೂ ನಡುವೆ ಅಜಾಗರೂಕತೆಯಿಂದ ಬಿಟ್ಟುಕೊಂಡ ಸಂದೇ ಆ ಗೇಟ್; ಅಲ್ಲಿ ಕದವಾಗಲಿ ಅಗುಳಿಯಾಗಲಿ ಇಲ್ಲ, ಇದ್ದಿದ್ದರೆ ಆಟಗಾರನು ಉಳಿಯುತ್ತಿದ್ದನು. ಅದೇ ಆಟದ ವಿಕೆಟ್ ಎಂಬ ಶಬ್ದವೂ ಬಾಗಿಲಿನ ಕುಲದ್ದೇ. ಹೆಬ್ಬಾಗಿಲಿನ ದೊಡ್ಡ ಕದವನ್ನು ಪ್ರತಿಬಾರಿಯೂ ತೆರೆಯುವ ಶ್ರಮವನ್ನು ತಪ್ಪಿಸಲು ಅದರಲ್ಲಿಯೇ ಕೊರೆದು ಇಟ್ಟ, ಒಬ್ಬನು ತಲೆಬಗ್ಗಿಸಿ ನುಸುಳಬಹುದಾದ ಕಿರುಬಾಗಿಲಿಗೆ ಇಂಗ್ಲಿಷಿನಲ್ಲಿ ವಿಕೆಟ್ ಎಂದು ಹೆಸರು. ಪೂರ್ವದಲ್ಲಿ ಎರಡೇ ಕಡ್ಡಿಗಳನ್ನು ನೆಟ್ಟು ಮೇಲೊಂದು ಅಡ್ಡಕಡ್ಡಿಯನ್ನು ಇಡುತ್ತಿದ್ದುದರಿಂದ ಅದು ಕಿರುಬಾಗಿಲಿನಂತೆಯೇ ಕಾಣುತ್ತಿದ್ದಿತು. ಇಂತಹ ಕಿರುಬಾಗಿಲಿಗೆ ಕನ್ನಡದಲ್ಲಿ ದಿಡ್ಡಿ ಎಂಬ ಸೊಗಸಾದ ಮಾತಿದೆ.

ಶಿರಾ ಗೇಟಿನಿಂದ ಹೊರಟ ದಾರಿಯಲ್ಲಿ ಮೂರು ಗಂಟೆಗಳೊಳಗೆ ನಾವು ತಲಪುವ ಚಿತ್ರದುರ್ಗದಲ್ಲಿ ಈ ಮೂಲಾರ್ಥವು ಕಲ್ಲಿನಲ್ಲಿಯೇ ನಿಂತಿದೆ. ಏಳು ಸುತ್ತಿನ ಆ ಕೋಟೆಯ ಹೆಬ್ಬಾಗಿಲುಗಳನ್ನು ನೋಡಿದವರು, ಅವು ಹೇಗೆ ನೇರವಾಗಿ ಎದುರುಬದುರಾಗಿ ನಿಲ್ಲದೆ ತಿರುವು ತಿರುವಾಗಿ ನಿಂತು, ಆನೆಯಾಗಲಿ ಸೈನ್ಯವಾಗಲಿ ಓಡಿಬಂದು ಢಿಕ್ಕಿ ಹೊಡೆಯದಂತೆ ತಡೆಯುತ್ತವೆಂಬುದನ್ನು ಗಮನಿಸಿರುವರು. ಆದರೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತುದು ಆ ಭವ್ಯ ದ್ವಾರಗಳಲ್ಲಿ ಯಾವುದೂ ಅಲ್ಲ. ಬಂಡೆಗಳ ನಡುವಣ ಒಂದು ಸಂದು, ಓಬವ್ವನ ಕಿಂಡಿ. ಒಬ್ಬೊಬ್ಬರಾಗಿಯೇ ನುಸುಳಬೇಕಾದಷ್ಟು ಇಕ್ಕಟ್ಟಾದುದರಿಂದಲೇ ಒನಕೆ ಹಿಡಿದ ಒಬ್ಬ ಹೆಂಗಸು ಹೈದರಾಲಿಯ ಸೈನಿಕರನ್ನು ಅಲ್ಲಿ ತಡೆಯಲು ಶಕ್ತಳಾದಳು. ಇಂಗ್ಲಿಷ್ ಶಬ್ದದ ಅತಿ ಪ್ರಾಚೀನವಾದ ಅರ್ಥಕ್ಕೆ ಕನ್ನಡದಲ್ಲಿ ಸಮಾನಾರ್ಥಕವನ್ನು ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಹೆಬ್ಬಾಗಿಲೆನ್ನುವುದಿಲ್ಲ, ಕಿಂಡಿ ಎನ್ನುತ್ತೇನೆ.

ನಮ್ಮ ಹಳ್ಳಿಗಾಡಿನವರು ಈ ಶಬ್ದವನ್ನು ತೆಗೆದುಕೊಂಡು ಏನು ಮಾಡಿದ್ದಾರೆಂಬುದು ಎಲ್ಲಕ್ಕಿಂತಲೂ ಕುತೂಹಲಕರವಾದ ವಿಷಯ. ತುಮಕೂರಿನಿಂದ ಯಾವ ದಿಕ್ಕಿಗೆ ಬಸ್ಸಿನಲ್ಲಿ ಹೊರಟರೂ ದಾರಿಯುದ್ದಕ್ಕೂ ಗೇಟ್ ಎಂಬ ನಿಲ್ದಾಣಗಳು ಸಿಕ್ಕುತ್ತವೆ. ಹಳ್ಳಿಯು ಹೆದ್ದಾರಿಯಿಂದ ಒಂದೆರಡು ಮೈಲಿ ಒಳಗಿರುತ್ತದೆ. ಹಳ್ಳಿಗೆ ಹೋಗುವ ಕವಲುದಾರಿಯು ಹೆದ್ದಾರಿಯಿಂದ ಒಡೆಯುವ ಆ ಬಿಂದುವಿಗೆ, ಹಳ್ಳಿಯ ಹೆಸರಿನ ಮುಂದೆ ಗೇಟ್ ಎಂದು ಸೇರಿಸಿ ಕರೆಯುತ್ತಾರೆ. ಅಲ್ಲಿ ಒಂದು ತಂಗುದಾಣ, ಒಂದು ಟೀ ಅಂಗಡಿ, ಒಂದು ಪಂಚರ್ ಅಂಗಡಿ, ಹಾಲಿನ ಕ್ಯಾನುಗಳನ್ನಿಟ್ಟುಕೊಂಡು ಕಾಯುವ ಇಬ್ಬರು ಮೂವರು, ಇಷ್ಟೇ. ಶಿರಾ ಕಡೆಯ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯನ್ನು ಕಂಡಕ್ಟರು, “ಅಜ್ಜೀ, ಗೇಟಿಗೋ ಊರೊಳಕ್ಕೋ?” ಎಂದು ಕೇಳಿದನು. “ಗೇಟಿಗೇ ಕೊಡಪ್ಪ, ಅಲ್ಲಿಂದ ನಡ್ಕೊಂಡು ಹೋಗ್ತೀನಿ” ಎಂದಳಾಕೆ. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದಿದ್ದ ಆ ತಾಯಿಯು ಬಳಸಿದ ಗೇಟ್ ಎಂಬ ಶಬ್ದದಲ್ಲಿ ಕದದ ಕಲ್ಪನೆಯೇ ಇರಲಿಲ್ಲ. ದಾರಿಯೊಂದು ಬಾಯಿ ತೆರೆಯುವ ಸ್ಥಳವೆಂಬ ಅರ್ಥವೊಂದೇ ಇದ್ದಿತು. ತೆರಪು ಮತ್ತು ದಾರಿ ಎಂಬ ಎರಡು ಬೇರೆ ಶಬ್ದಗಳು ಇಂಗ್ಲೆಂಡಿನಲ್ಲಿ ಒಂದಾಗಿ ಬೆರೆತುದು ಶತಮಾನಗಳ ಹಿಂದೆ; ಆ ಎರಡೂ ಅರ್ಥಗಳನ್ನು ಯಾವ ನಿಘಂಟಿನ ಸಹಾಯವೂ ಇಲ್ಲದೆ ಮತ್ತೊಮ್ಮೆ ಕೂಡಿಸಿದವರು ನಮ್ಮ ಗ್ರಾಮೀಣರು. ಈ ಅರ್ಥದ ಗೇಟನ್ನು ಲಂಡನ್ನಿನವನು ಅರಿಯನು. ಇದು ಕನ್ನಡ ಶಬ್ದ.

ಬಾಗಿಲು ಎಂಬ ನಮ್ಮ ಅಚ್ಚ ಶಬ್ದವೂ ಇದೇ ಹಾದಿಯಲ್ಲಿ ಹುಟ್ಟಿದುದೆಂಬುದನ್ನು ಇಲ್ಲಿ ಹೇಳದಿರಲಾರೆ. ತಮಿಳಿನ ವಾಯಿಲ್, ಹಳಗನ್ನಡದ ಬಾಗಿಲ್ ಎಂಬುವು ಒಂದೇ ಮೂಲದವು. ಮನೆಯ ಬಾಯಿ ಎಂಬುದೇ ಅವುಗಳ ಭಾವ. ಇಲ್ಲಿಯೂ ಮುಖ್ಯವಾದುದು ಹಲಗೆಯಲ್ಲ, ತೆರೆದ ಬಾಯಿ. ಹಲಗೆಗೆ ಕದವೆಂಬ, ಪಡಿಯೆಂಬ ಬೇರೆ ಶಬ್ದಗಳು ನಮ್ಮಲ್ಲಿವೆ. ಬಾಗಿಲನ್ನು ದಾಟುತ್ತೇವೆ, ಕದವನ್ನು ತಟ್ಟುತ್ತೇವೆ. ಸಾವಿರಾರು ವರ್ಷಗಳ ಬಳಕೆ ಈ ಭೇದವನ್ನು ಕಾಪಾಡಿಕೊಂಡು ಬಂದಿದೆ.

ತೆರಪಿಗೆ ಕದವು ಬಂದ ಮೇಲೆ ಗೇಟಿನ ಅರ್ಥಕ್ಕೆ ಒಂದು ಹೊಸ ಗುಣವು ಸೇರಿತು. ಅದು ಇಷ್ಟನ್ನು ಬಿಡು, ಇಷ್ಟನ್ನು ತಡೆ ಎಂಬ ಅಧಿಕಾರ. ಆಧುನಿಕ ಪ್ರಯೋಗಗಳಲ್ಲಿ ಹೆಚ್ಚಿನವು ಈ ಅಧಿಕಾರದಿಂದ ಹುಟ್ಟಿದುವು. ಅಣೆಕಟ್ಟಿನ ಗೇಟ್ ಇವುಗಳಲ್ಲಿ ಹಿರಿಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಣಿ ಕಳಚಿ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ಹರಿದು ವ್ಯರ್ಥವಾಗುವುದನ್ನು ಕಂಡು ನಾಲ್ಕು ಜಿಲ್ಲೆಗಳ ರೈತರು ಪಟ್ಟ ಸಂಕಟವನ್ನು ಪತ್ರಿಕೆಗಳಲ್ಲಿ ಓದಿದವರು, ಗೇಟ್ ಎಂಬುದು ಎಷ್ಟು ಗುರುತರವಾದ ವಸ್ತುವೆಂಬುದನ್ನು ಅರಿತಿದ್ದಾರೆ. ವಯೋವೃದ್ಧರಾದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಸಿ, ಒಂದು ವಾರದ ಸುಮಾರಿಗೆ ಆ ತೆರಪನ್ನು ಮುಚ್ಚಿದ ಕಾರ್ಯವು ನಮ್ಮ ಕಾಲದ ಸಾಹಸಗಳಲ್ಲೊಂದು. ಗೇಟನ್ನು ನೀರಿನ ಒತ್ತಡದಿಂದಲೇ ತಾನಾಗಿ ಏಳುವಂತೆಯೂ ಇಳಿಯುವಂತೆಯೂ ರಚಿಸಬಹುದೆಂದು ತೋರಿಸಿಕೊಟ್ಟವರು ಸರ್ ಎಂ. ವಿಶ್ವೇಶ್ವರಯ್ಯನವರು, 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಸ್ಥಾಪಿತವಾದುವು. ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರವಾಹದ ನೀರನ್ನು ಹೊರಗೆ ಬಿಡಲು ಸ್ವಯಂಚಾಲಿತ ಸೈಫನ್‌ಗಳನ್ನು ಇಟ್ಟಿದ್ದಾರೆ. ನೀರು ಪೂರ್ಣಮಟ್ಟವನ್ನು ಮೀರಿದೊಡನೆ ಸೈಫನ್ನಿನೊಳಗಿನ ಗಾಳಿಯು ಹೊರದೂಡಲ್ಪಟ್ಟು ನೀರು ತಾನೇ ತನ್ನನ್ನು ಸೆಳೆದುಕೊಂಡು ಧುಮುಕತೊಡಗುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕೊಡನೆ ತಾನೇ ನಿಂತುಹೋಗುತ್ತದೆ. ಯಾರೂ ಎತ್ತಬೇಕಿಲ್ಲ, ಇಳಿಸಬೇಕಿಲ್ಲ. ಅದನ್ನು ಇನ್ನೂ ನೋಡದ ತುಮಕೂರಿನವರು ಮಳೆ ಚೆನ್ನಾಗಿ ಬಂದ ವರ್ಷ ಅವಶ್ಯವಾಗಿ ಹೋಗಿಬರಬೇಕು.

ಗಣಕಯಂತ್ರದೊಳಗಿನ ಲಾಜಿಕ್ ಗೇಟುಗಳೂ ಈ ಜಾತಿಯವೇ, ಅಲ್ಲಿ ಹರಿಯುವುದು ನೀರಲ್ಲ, ವಿದ್ಯುತ್ತು. ಎರಡು ಕಡೆಯಿಂದಲೂ ಸಂಕೇತ ಬಂದರೆ ಮಾತ್ರ ಮುಂದಕ್ಕೆ ಬಿಡುವ ಗೇಟ್ ಒಂದು, ಒಂದು ಕಡೆಯಿಂದ ಬಂದರೂ ಸಾಕೆನ್ನುವ ಗೇಟ್ ಮತ್ತೊಂದು, ಬಂದುದನ್ನು ತಲೆಕೆಳಗು ಮಾಡುವುದು ಇನ್ನೊಂದು. ಸತ್ಯಾಸತ್ಯಗಳನ್ನು ಗಣಿತದಿಂದ ನಿರೂಪಿಸುವ ವಿಧಾನವನ್ನು ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ವಿಸ್ತರಿಸಿದ್ದನು. ವಿದ್ಯುತ್ತಿನ ಸ್ವಿಚ್ಚುಗಳಿಂದ ಅದನ್ನು ನಡೆಸಬಹುದೆಂದು ಕ್ಲಾಡ್ ಶ್ಯಾನನ್ 1937ರ ತನ್ನ ಪ್ರಬಂಧದಲ್ಲಿ ತೋರಿಸಿದನು. ನೋವಿನ ವಿಷಯದಲ್ಲಿಯೂ ಗೇಟ್ ಉಂಟು. ಮಗುವು ಬಿದ್ದು ಮಂಡಿಗೆ ಏಟಾದಾಗ ಅಜ್ಜಿಯು ಆ ಜಾಗವನ್ನು ತಿಕ್ಕುತ್ತಾಳೆ, ನೋವು ತಗ್ಗುತ್ತದೆ, ಏಕೆ? ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ಮಿದುಳಿಗೆ ಬಿಡುವ ಅಥವಾ ತಡೆಯುವ ಒಂದು ಗೇಟ್ ಇದೆಯೆಂದೂ, ಸ್ಪರ್ಶದ ಸಂದೇಶವು ಬಂದಾಗ ಅದು ಮುಚ್ಚಿಕೊಳ್ಳುವುದೆಂದೂ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಸಿದ್ಧಾಂತವನ್ನು ಮಂಡಿಸಿದರು. ಕನ್ನಡದ ವೈದ್ಯಲೇಖಕರು ಹೃದಯದ ವಾಲ್ವಿಗೆ ಕವಾಟವೆಂದು ಹೆಸರಿಟ್ಟುದನ್ನು ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ಕವಾಟವೆಂದರೆ ಸಂಸ್ಕೃತದಲ್ಲಿ ಬಾಗಿಲಿನ ಕದ. ವಾಲ್ವಿನ ಮೂಲವಾದ ಲ್ಯಾಟಿನ್ ಶಬ್ದಕ್ಕೂ ಮಡಿಸುವ ಬಾಗಿಲಿನ ಕದವೆಂದೇ ಅರ್ಥ. ಅಷ್ಟು ನಿಷ್ಕೃಷ್ಟವಾದ ಅನುವಾದವು ವಿರಳ.

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯುವ ಗೇಟ್ ಪರೀಕ್ಷೆಗೂ ಈ ಶಬ್ದಕ್ಕೂ ಸಂಬಂಧವಿಲ್ಲ. ಅದು ನಾಲ್ಕು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು. ಹಗರಣಗಳ ಹೆಸರಿನ ಕೊನೆಯಲ್ಲಿ ಪತ್ರಕರ್ತರು ಅಂಟಿಸುವ ಗೇಟ್ ಆದರೋ ವಾಷಿಂಗ್‌ಟನ್ನಿನ ವಾಟರ್‌ಗೇಟ್ ಎಂಬ ಕಟ್ಟಡಸಮೂಹದಿಂದ ಬಂದುದು. 1972ರ ಜೂನ್ 17ರಂದು ಅಲ್ಲಿದ್ದ ವಿರೋಧಪಕ್ಷದ ಕಚೇರಿಗೆ ಕಳ್ಳರು ನುಗ್ಗಿ ಸಿಕ್ಕಿಬಿದ್ದರು. ಅದರ ಎಳೆಯನ್ನು ಹಿಡಿದು ಹೋದ ವಿಚಾರಣೆಯಿಂದಾಗಿ 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಪದತ್ಯಾಗ ಮಾಡಬೇಕಾಯಿತು. ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಒಂದು ವಾಟರ್ ಗೇಟ್ ಉಂಟು, ಕಾವೇರಿಯ ಕಡೆಗೆ ತೆರೆದುದು. 1799ರ ಮೇ 4ರಂದು ಟಿಪ್ಪು ಸುಲ್ತಾನನು ಮಡಿದುದು ಅದರ ಸಮೀಪದಲ್ಲಿ. ಅಂಟುಪ್ರತ್ಯಯವಾದ ಗೇಟನ್ನು ಕನ್ನಡ ಪತ್ರಿಕೆಗಳು ಬಳಸಬೇಕಾದ ಅವಶ್ಯಕತೆ ನನಗೆ ತೋರುವುದಿಲ್ಲ. ಹಗರಣವೆಂಬ ಮಾತಿಗೆ ಇಲ್ಲದ ಯಾವ ಶಕ್ತಿಯೂ ಅದರಲ್ಲಿಲ್ಲ.

ಇಷ್ಟನ್ನು ಕೇಳಿದ ಮೇಲೆ ಕೆಲವರು ಎತ್ತುವ ಪ್ರಶ್ನೆ ಒಂದು: ಶಿರಾ ಗೇಟನ್ನು ಶಿರಾ ದ್ವಾರವೆಂದೋ ಶಿರಾ ಬಾಗಿಲೆಂದೋ ಏಕೆ ಕರೆಯಬಾರದು? ಅದು ಅನವಶ್ಯಕವೆಂದೇ ನನ್ನ ಭಾವನೆ. ಅಜ್ಜಿಯ ಬಾಯಲ್ಲಿ ಸಹಜವಾಗಿ ಬರುವ ಹೆಸರಿಗೆ ನಾವು ಶುದ್ಧೀಕರಣದ ಸ್ನಾನವನ್ನು ಮಾಡಿಸಬೇಕಾಗಿಲ್ಲ. ಆದರೆ ಇದರ ಇನ್ನೊಂದು ಮುಖವು ನನ್ನನ್ನು ನಿಜವಾಗಿಯೂ ಬಾಧಿಸುತ್ತಿದೆ. ಗೇಟ್ ಎಂಬ ಒಂದು ಶಬ್ದವು ಎಲ್ಲೆಡೆಗೂ ವ್ಯಾಪಿಸಿ, ಒಂದೊಂದು ಬಗೆಯ ಬಾಗಿಲಿಗೆ ನಮ್ಮ ಹಿರಿಯರು ಇಟ್ಟಿದ್ದ ಒಂದೊಂದು ಹೆಸರನ್ನೂ ನುಂಗುತ್ತಿದೆ. ಕೆರೆಯ ತೂಬನ್ನು ನೀರುಗಂಟಿಯು ಎತ್ತುತ್ತಿದ್ದನು. ಈಗ ಮಕ್ಕಳು ತೂಬಿಗೂ ಗೇಟ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಊರುಗಳಿಗೆ ಅಗಸಿ ಎಂಬ ಊರಬಾಗಿಲು ಉಂಟು. ತೀರ್ಥಹಳ್ಳಿಯ ಕಡೆ ಬಂಧುಗಳ ತೋಟಕ್ಕೆ ಹೋದಾಗ ನಾನು ಉಣಗೋಲನ್ನು ಗಮನವಿಟ್ಟು ನೋಡಿದೆನು. ಎರಡು ಕಡೆಯೂ ನೆಟ್ಟ ಗೂಟಗಳಲ್ಲಿ ಮೂರು ಮೂರು ತೂತುಗಳು; ಆ ತೂತುಗಳಲ್ಲಿ ಅಡ್ಡಲಾಗಿ ತೂರಿಸಿದ ಬಿದಿರಿನ ಗಳುಗಳು, ಕೈ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿದ್ದುವು. ದನಕ್ಕೆ ದಾಟಲಾಗದು, ಮನುಷ್ಯನು ಬೇಕಾದರೆ ಮೇಲಿನ ಗಳುವೊಂದನ್ನು ಸರಿಸಿ ಕಾಲೆತ್ತಿ ದಾಟಬಹುದು, ಗಾಡಿ ಬಂದರೆ ಮೂರನ್ನೂ ಎಳೆದು ಒರಗಿಸಬೇಕು. ಯಾರಿಗೆ ಎಷ್ಟು ತೆರೆಯಬೇಕೋ ಅಷ್ಟನ್ನೇ ತೆರೆಯುವ ಈ ರಚನೆಗೆ ಉಣಗೋಲು ಎಂಬುದೇ ಹೆಸರು. ಬೇಲಿಯಲ್ಲಿ ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಮಾಡಿದುದಕ್ಕೆ ತಡಮೆ ಎಂಬ ಬೇರೆ ಹೆಸರು. ಆ ಮನೆಯ ಹುಡುಗನು ಎರಡಕ್ಕೂ ಗೇಟ್ ಎಂದಾಗ ಅವನ ತಾತ ತಿದ್ದಿದರು. ಹಾಗೆ ತಿದ್ದುವ ತಾತಂದಿರು ಎಷ್ಟು ಮನೆಗಳಲ್ಲಿದ್ದಾರೆ?

ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ದುಡಿದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು, ಮುಂದೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಶಬ್ದಗಳ ಕುರಿತು ಜನಸಾಮಾನ್ಯರು ಕೇಳಿದ ಪ್ರಶ್ನೆಗಳಿಗೆ ವರ್ಷಗಟ್ಟಳೆ ತಾಳ್ಮೆಯಿಂದ ಉತ್ತರವಿತ್ತರು. ಎರವಲು ಶಬ್ದಗಳಿಗೇ ಅವರು ಪ್ರತ್ಯೇಕವಾದ ಪದಕೋಶವನ್ನು ರಚಿಸಿದರು. ಬಂದ ಶಬ್ದವನ್ನು ಆದರಿಸುವುದೂ ಇದ್ದ ಶಬ್ದವನ್ನು ಉಳಿಸಿಕೊಳ್ಳುವುದೂ ಪರಸ್ಪರ ವಿರುದ್ಧವಲ್ಲವೆಂದು ನಾನು ಕಲಿತುದು ಇಂತಹವರಿಂದ. ಪ್ರತಿಯೊಂದು ತಾಲ್ಲೂಕಿನ ಶಾಲೆಯ ಉಪಾಧ್ಯಾಯರೊಬ್ಬರು ತಮ್ಮ ವಿದ್ಯಾರ್ಥಿಗಳಿಂದ, ಮನೆಯ ಹಿರಿಯರನ್ನು ಕೇಳಿ ಬಾಗಿಲಿನ ಬಗೆಗಳ ಹೆಸರುಗಳನ್ನು ಬರೆದು ತರಿಸಿದರೆ, ಒಂದು ವರ್ಷದಲ್ಲಿ ನಮ್ಮ ಜಿಲ್ಲೆಯದೇ ಒಂದು ಸಣ್ಣ ಪದಸಂಚಯವು ಸಿದ್ಧವಾಗುವುದು. ಅಂತಹ ಪಟ್ಟಿಗಳನ್ನು ಕಳುಹಿಸಿದರೆ ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುವೆನು.

ಕೊನೆಯದಾಗಿ, ಶಾಲಾ ಉಪಾಧ್ಯಾಯಿನಿಯೊಬ್ಬರು ಕೇಳಿದ ಬರವಣಿಗೆಯ ಪ್ರಶ್ನೆ: ಗೇಟ್ ಎಂದು ಬರೆಯಬೇಕೋ ಗೇಟು ಎಂದೋ? ಹಳಗನ್ನಡದ ಬಾಗಿಲ್, ಕಣ್, ಕಾಲ್ ಎಂಬ ವ್ಯಂಜನಾಂತ ಶಬ್ದಗಳು ಉಕಾರವನ್ನು ಪಡೆದು ಬಾಗಿಲು, ಕಣ್ಣು, ಕಾಲು ಎಂದಾದುವು. ಇಂಗ್ಲಿಷಿನಿಂದ ಬಂದ ಬಸ್ಸು, ರೋಡು, ಬೆಂಚುಗಳೂ ಅದೇ ವಿಧಿಯನ್ನು ಅನುಸರಿಸಿವೆ. ಆದುದರಿಂದ ಗೇಟು ಎಂಬುದು ಅಶುದ್ಧ ರೂಪವಲ್ಲ, ಬಾಗಿಲು ಹೇಗೆ ಶುದ್ಧವೋ ಇದೂ ಹಾಗೆಯೇ. ಸ್ಥಳದ ಹೆಸರಾಗಿ ಒಂಟಿಯಾಗಿ ನಿಂತಾಗ ಶಿರಾ ಗೇಟ್ ಎಂಬ ರೂಢಿಯ ಬರವಣಿಗೆ ಇರಲಿ. ವಿಭಕ್ತಿ ಸೇರಿದಾಗ ಮಾತ್ರ ಫಲಕಗಳಲ್ಲಿ ಕಾಣುವಂತೆ ಪ್ರತ್ಯಯವನ್ನು ದೂರದಲ್ಲಿ ತಂದು ನಿಲ್ಲಿಸದೆ, ಬಾಗಿಲಿನಲ್ಲಿ, ಬಾಗಿಲಿಗೆ ಎನ್ನುವಂತೆಯೇ ಶಿರಾ ಗೇಟಿನಲ್ಲಿ, ಶಿರಾ ಗೇಟಿಗೆ ಎಂದು ಮಕ್ಕಳಿಂದ ಬರೆಯಿಸಿರಿ.